ಚೀಲದ ಮೇಲಿನ ಅಂಕಿ ಮತ್ತು ದುಡಿಯುವವನ ಮನೆ

ಪಕ್ಷದ ಪತ್ರಿಕೆಗೆ ಸಿಮೆಂಟಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೇಳಲಿ. ದುಡಿಯುವ ಮನುಷ್ಯ ತನ್ನ ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡುವ ದೊಡ್ಡ ಖರ್ಚು ಮನೆಯದು. ಸಕ್ಕರೆ ಕಾರಖಾನೆಯ ಕಾಮಗಾರ ಪ್ರಾವಿಡೆಂಟ್ ಫಂಡಿನಿಂದ ತೆಗೆದ ಹಣ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದ ಹೆಣ್ಣುಮಗಳು ಸಂಘದಿಂದ ಎತ್ತಿದ ಸಾಲ, ಕಿರಾಣಿ ಅಂಗಡಿಕಾರ ಭಿಶಿಯಲ್ಲಿ ಕೂಡಿಸಿದ ಗಂಟು, ಇವೆಲ್ಲ ಕೊನೆಗೆ ಹೋಗಿ ಬೀಳುವುದು ಸಿಮೆಂಟು, ಕಬ್ಬಿಣ, ಉಸುಕು, ಖಡಿಗಳ ಮೇಲೆ. ಅಷ್ಟು ಹಣ ಸುರಿಯುವಾಗ ಅವನಿಗೆ ಬುದ್ಧಿ ಹೇಳುವವರು ಯಾರು? ಗೋಡೆಯ ಮೇಲಿನ ಜಾಹೀರಾತು. ಆನೆ, ಹುಲಿ, ಕ್ರಿಕೆಟ್ ಆಟಗಾರ, ಸಿನೆಮಾ ನಟ. ಈ ನಾಲ್ವರಲ್ಲಿ ಒಬ್ಬರೂ ಉಗಾರದಲ್ಲಾಗಲಿ ರಾಯಬಾಗದಲ್ಲಾಗಲಿ ಮನೆ ಕಟ್ಟಿದವರಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಸಭೆಗೆಂದು ನಾವು ಹೋದಲ್ಲೆಲ್ಲ, ಪಗಾರ ಬೋನಸ್ಸುಗಳ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: "ಮಾಸ್ತರ, ಮನಿಗೆ ಯಾವ ಸಿಮೆಂಟ ಹಾಕೂಣು?" ಪೇಟೆಯ ಉತ್ತರವೂ ಒಂದೇ: ಐವತ್ತಮೂರು. ಗೌಂಡಿಗಳನ್ನು ಕೇಳಿ ನೋಡಿರಿ. "ಸ್ಲ್ಯಾಬಿಗೆ ಐವತ್ತಮೂರರದು ತರಿಸ್ರಿ. ಬೂದಿ ಸಿಮೆಂಟ ಬರೇ ಗಿಲಾವಕ್ಕ" ಎನ್ನುತ್ತಾರೆ. ಈ ಮಾತು ಎಷ್ಟು ಬೇರೂರಿದೆಯೆಂದರೆ, ಸಾಲ ಮಾಡಿಯಾದರೂ ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟು ಐವತ್ತಮೂರನ್ನೇ ತರುವುದು ಮನೆತನದ ಮರ್ಯಾದೆಯಾಗಿ ಹೋಗಿದೆ. ಹೆಚ್ಚು ಅಂಕಿ ಎಂದರೆ ಹೆಚ್ಚು ಒಳ್ಳೆಯದು. ಪರೀಕ್ಷೆಯಲ್ಲಿ ಐವತ್ತಮೂರು ಬಂದವನು ಮೂವತ್ತಮೂರು ಬಂದವನಿಗಿಂತ ಜಾಣನಲ್ಲವೇ!

ಶಾಲೆಯಲ್ಲಿ ಅಂಕ ಹಾಕಿದ ಕೈ ನಮ್ಮದು. ಆದುದರಿಂದ ಈ ಅಂಕಿ ಏನೆಂಬುದನ್ನು ಮೊದಲು ಬಿಡಿಸಿ ಹೇಳುತ್ತೇವೆ.

ಸಿಮೆಂಟನ್ನೂ ನಿರ್ದಿಷ್ಟ ಉಸುಕನ್ನೂ ಗೊತ್ತಾದ ಪ್ರಮಾಣದಲ್ಲಿ ಕಲಸಿ ಸಣ್ಣ ಘನಾಕೃತಿಯ ತುಂಡು ಮಾಡುತ್ತಾರೆ. ಅದನ್ನು ನೀರಿನಲ್ಲಿಟ್ಟು ೨೮ ದಿನಗಳ ಮೇಲೆ ಯಂತ್ರದಲ್ಲಿ ಅಮುಕುತ್ತಾರೆ. ಒಂದು ಚದರ ಮಿಲಿಮೀಟರಿಗೆ ೫೩ ನ್ಯೂಟನ್, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ೫೪೦ ಕಿಲೋ ಭಾರ ತಡೆದರೆ ಅದು ೫೩ ಗ್ರೇಡು. ೪೩ ತಡೆದರೆ ೪೩ ಗ್ರೇಡು. ಬೂದಿ ಬೆರೆತ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟಿಗೆ, ಅಂದರೆ ಪಿ.ಪಿ.ಸಿ.ಗೆ, ನಿಯಮ ಕೇಳುವುದು ಕನಿಷ್ಠ ೩೩. ಕಾರಖಾನೆಯಿಂದ ಬರುವ ಮಾಲು ಸಾಮಾನ್ಯವಾಗಿ ಈ ಕನಿಷ್ಠಕ್ಕಿಂತ ಮೇಲೆಯೇ ಇರುತ್ತದೆ. ಇನ್ನು ಮನೆಯ ಸ್ಲ್ಯಾಬು, ಬೀಮು, ಕಾಲಂಗಳಿಗೆ ಬೇಕಾದ ಬಲವೆಷ್ಟು? ಐ.ಎಸ್. ೪೫೬ ಎಂಬ ಭಾರತೀಯ ಸಂಹಿತೆ ಕಬ್ಬಿಣದ ಕಾಂಕ್ರೀಟಿಗೆ ಕೇಳುವ ಕನಿಷ್ಠ ಬಲ ೨೦, ಅಂದರೆ ಎಂ-೨೦. ಸಿಮೆಂಟಿನ ತುಂಡಿನ ಪರೀಕ್ಷೆಯೇ ಬೇರೆ, ಕಾಂಕ್ರೀಟಿನ ಪರೀಕ್ಷೆಯೇ ಬೇರೆ ಎಂಬುದು ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ಆದರೂ ಒಂದು ಸಿಮೆಂಟಿಗೆ, ಒಂದೂವರೆ ಉಸುಕಿಗೆ, ಮೂರು ಖಡಿಗೆ ಸರಿಯಾಗಿ ಕಲಸಿದ ಪಿ.ಪಿ.ಸಿ. ಆ ೨೦ನ್ನು ಸುಖವಾಗಿ ಕೊಡುತ್ತದೆ ಎಂಬುದರಲ್ಲಿ ತಿಳಿದವರಿಗೆ ಸಂಶಯವಿಲ್ಲ.

ಹಾಗಾದರೆ ೫೩ರಿಂದ ಸಿಗುವ ಲಾಭ ಯಾವುದು? ಅವಸರ. ಮೂರು ದಿನಕ್ಕೆ ೫೩ ಗ್ರೇಡಿನ ತುಂಡು ೨೭ ನ್ಯೂಟನ್ ತಡೆಯಬೇಕು, ಪಿ.ಪಿ.ಸಿ. ೧೬ ತಡೆದರೆ ಸಾಕು. ಏಳು ದಿನಕ್ಕೆ ಅದು ೩೭, ಇದು ೨೨. ಒಂದು ಓಡುವ ಕುದುರೆ, ಇನ್ನೊಂದು ಎತ್ತು. ಮೇಲ್ಸೇತುವೆ, ಹತ್ತು ಅಂತಸ್ತಿನ ಕಟ್ಟಡ, ಕಾರಖಾನೆಯಲ್ಲಿ ಎರಕ ಹೊಯ್ದು ಮರುದಿನವೇ ಅಚ್ಚು ಬಿಚ್ಚುವ ಕಂಬಗಳು, ಇಂಥಲ್ಲಿ ಕುದುರೆಯೇ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮೂವತ್ತು-ನಲವತ್ತು ಅಡಿಯ ನಿವೇಶನದ ಮೇಲೆ ಒಂದು ಅಂತಸ್ತಿನ ಮನೆ ಕಟ್ಟುವ ಕಾಮಗಾರನಿಗೆ ಕುದುರೆ ಏತಕ್ಕೆ? ಕುದುರೆಗೆ ಮೇವೂ ಹೆಚ್ಚು, ಕಾವೂ ಹೆಚ್ಚು. ೫೩ ಗ್ರೇಡು ಬೇಗ ಬಿಗಿಯುವಾಗ ಒಳಗೆ ಬೇಗ ಶಾಖ ಏಳುತ್ತದೆ. ಎಪ್ರಿಲ್-ಮೇ ತಿಂಗಳ ಅಥಣಿಯ ಬಿಸಿಲಿನಲ್ಲಿ, ನೀರು ಸಾಲದೆ ಒಣಗಿದ ಸ್ಲ್ಯಾಬಿನ ಮೇಲೆ ಕೂದಲೆಳೆಯ ಬಿರುಕು ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಬೇಕಿಲ್ಲ.

ಇನ್ನು 'ಬೂದಿ' ಎಂಬ ತಾತ್ಸಾರದ ಮಾತು. ಬೂದಿ ಬೆರೆಸುವುದು ಕಲಬೆರಕೆಯಲ್ಲವೇ ಎಂದು ಕೇಳುವವರಿಗೆ ನಮ್ಮ ಅಜ್ಜಂದಿರು ಕಟ್ಟಿದ ವಾಡೆಗಳನ್ನು ತೋರಿಸಬೇಕು. ಸುಣ್ಣದ ಗಾಣದಲ್ಲಿ ಎತ್ತು ಕಟ್ಟಿ ಗಚ್ಚು ಅರೆಯುವಾಗ ಅವರು ಸುಟ್ಟ ಇಟ್ಟಂಗಿಯ ಪುಡಿಯನ್ನು, ಸುರ್ಕಿಯನ್ನು, ಅದರಲ್ಲಿ ಬೆರೆಸುತ್ತಿದ್ದರು. ಬರಿಯ ಸುಣ್ಣ ನೀರಿಗೆ ನಿಲ್ಲುವುದಿಲ್ಲ, ಸುಟ್ಟ ಮಣ್ಣಿನ ಪುಡಿ ಸೇರಿದರೆ ನಿಲ್ಲುತ್ತದೆ ಎಂಬುದು ಅವರ ಅನುಭವ. ಇಟಲಿಯಲ್ಲಿ ರೋಮನರು ಪೊಝುವೋಲಿ ಎಂಬ ಊರಿನ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಸಮುದ್ರದೊಳಗೆ ಕಟ್ಟೆ ಕಟ್ಟಿದರು. ಪೊಝೊಲಾನಾ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಹೆಸರು ವಿಲಾಯತಿಯದಾದರೂ ವಿದ್ಯೆ ನಮ್ಮ ಗೌಂಡಿಗೂ ಗೊತ್ತಿದ್ದದ್ದೇ. ಅಷ್ಟೇ ಏಕೆ, ೧೮೨೪ರಲ್ಲಿ ಇಂಗ್ಲಂಡದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದ ಜೋಸೆಫ್ ಆಸ್ಪ್‌ಡಿನ್ ಎಂಬವನು ಪಂಡಿತನೂ ಅಲ್ಲ ಬಂಡವಾಳಗಾರನೂ ಅಲ್ಲ. ಇಟ್ಟಿಗೆ ಕಟ್ಟುವ ಗೌಂಡಿ.

ಬೂದಿಯ ಕೆಲಸ ಹೀಗೆ. ಸಿಮೆಂಟು ನೀರಿನೊಡನೆ ಕೂಡಿದಾಗ ಗಟ್ಟಿಯಾಗುವ ಅಂಟಿನ ಜೊತೆಗೆ ಒಂದಿಷ್ಟು ಸುಣ್ಣವೂ ಹುಟ್ಟಿ ಬೇಕಾರ ಉಳಿಯುತ್ತದೆ. ಬರಿಯ ಸಾಧಾ ಸಿಮೆಂಟಿನಲ್ಲಿ, ಅಂದರೆ ಓ.ಪಿ.ಸಿ.ಯಲ್ಲಿ, ಈ ಸುಣ್ಣ ಹಾಗೆಯೇ ಇದ್ದು ಮುಂದೆ ನೀರಿನಲ್ಲಿ ಕರಗಿ ಹೊರಬರುತ್ತದೆ. ಸ್ಲ್ಯಾಬಿನ ಕೆಳಗೆ ಬಿಳಿಯ ಕಲೆ ಕಾಣುವುದು ಹಲವು ಸಲ ಇದರಿಂದಲೇ. ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ನುಣ್ಣನೆಯ ಹಾರುಬೂದಿಯನ್ನು, ನಮ್ಮ ರಾಜ್ಯದಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ರಾಶಿಗಟ್ಟಲೆ ಬೀಳುವಂಥದನ್ನು, ನೂರಕ್ಕೆ ೧೫ರಿಂದ ೩೫ರಷ್ಟು ಬೆರೆಸಿದರೆ ಆ ಬೂದಿ ಬೇಕಾರ ಸುಣ್ಣವನ್ನು ಹಿಡಿದು ಮತ್ತೆ ಅಂಟು ಮಾಡುತ್ತದೆ. ಆದರೆ ಈ ಕೆಲಸ ನಿಧಾನದ್ದು. ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆಗ ಒಳಗಿನ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಕೊಂಡು ಕಾಂಕ್ರೀಟು ಬಿಗಿಯಾಗುತ್ತದೆ, ನೀರೂ ಉಪ್ಪೂ ಒಳಗಿನ ಕಬ್ಬಿಣದ ಸಳಿಯವರೆಗೆ ಸುಲಭವಾಗಿ ಹೋಗಲಾರವು. ಉಕ್ಕಿನ ಕಾರಖಾನೆಯ ಊದುಕುಲುಮೆಯಿಂದ ಬರುವ ಕಿಟ್ಟವನ್ನು, ತೋರಣಗಲ್ಲಿನಂಥ ಕಡೆ ಸಿಗುವುದನ್ನು, ಅರೆದು ಬೆರೆಸಿದರೆ ಅದು ಸ್ಲ್ಯಾಗ್ ಸಿಮೆಂಟು, ಪಿ.ಎಸ್.ಸಿ. ಇದರಲ್ಲಿ ಕಿಟ್ಟ ನೂರಕ್ಕೆ ೨೫ರಿಂದ ೭೦ರವರೆಗೆ ಇರಬಹುದು. ಎರಡನ್ನೂ ಕೂಡಿಸಿದ ಕಾಂಪೊಸಿಟ್ ಸಿಮೆಂಟೂ ಪೇಟೆಯಲ್ಲಿ ಉಂಟು.

ಉಪ್ಪಿನ ಮಾತನ್ನು ನಾವು ಸುಮ್ಮನೆ ತೆಗೆಯಲಿಲ್ಲ. ಕೃಷ್ಣೆಯ ದಂಡೆಯ ನಮ್ಮ ಊರುಗಳಲ್ಲಿ ಕಬ್ಬಿಗೆ ಮಿತಿಯಿಲ್ಲದೆ ನೀರು ಹಾಯಿಸಿ ಸಾವಿರಾರು ಎಕರೆ ಭೂಮಿ ಸವಳು-ಜವಳಾಗಿ ಹೋದದ್ದು ಎಲ್ಲರಿಗೂ ಕಂಡ ಸಂಗತಿ. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ತಾಲೂಕುಗಳಲ್ಲಿ ನೆಲದ ಮೇಲೆ ಬಿಳಿಯ ಉಪ್ಪು ಏಳುವ ಹೊಲಗಳನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಊರು ಬೆಳೆದಂತೆ ಅಂಥ ಭೂಮಿಯೇ ಎನ್.ಎ. ಆಗಿ, ತುಂಡು ತುಂಡಾಗಿ, ಕಾಮಗಾರನಿಗೆ ನಿವೇಶನವಾಗಿ ಬರುತ್ತದೆ. ಒಳ್ಳೆಯ ನೆಲ ಕೊಳ್ಳುವ ತಾಕತ್ತಿದ್ದವನು ಅಲ್ಲಿ ಏಕೆ ಕಟ್ಟಿಯಾನು? ಸವಳು ನೆಲದಲ್ಲಿ ಬುನಾದಿಯ ಕಾಂಕ್ರೀಟಿಗೂ ಪ್ಲಿಂತಿನ ಬೀಮಿಗೂ ಬರಿಯ ೫೩ ಗ್ರೇಡು ಹಾಕುವುದು ತಪ್ಪು ಆಯ್ಕೆ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಲ್ಲಿ ಸ್ಲ್ಯಾಗ್ ಸಿಮೆಂಟು ಮೊದಲನೆಯದು, ಪಿ.ಪಿ.ಸಿ. ಎರಡನೆಯದು. ಉಪ್ಪು ಬಹಳವಿದ್ದರೆ ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕೊಟ್ಟು ಇಂಜಿನಿಯರರ ಮಾತಿನಂತೆ ನಡೆಯಬೇಕು. ಕುಡಿಯಲು ಬಾರದ ಬೋರಿನ ನೀರಿನಿಂದ ಕಾಂಕ್ರೀಟು ಕಲಸಲೇಬಾರದು.

ಎರೆಭೂಮಿಯ ವಿಷಯದಲ್ಲಿ ಮಾತ್ರ ಯಾವ ಸಿಮೆಂಟೂ ದೇವರಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳುವ ನೆಲದ ಮೇಲೆ ಎರಡಡಿ ಅಗೆದು ಗೋಡೆ ಎಬ್ಬಿಸಿದರೆ ಐವತ್ತಮೂರಲ್ಲ, ನೂರಾಐವತ್ತಮೂರು ಹಾಕಿದರೂ ಗೋಡೆ ಸೀಳುತ್ತದೆ. ಅಲ್ಲಿ ಬುನಾದಿಯನ್ನು ಎರೆ ದಾಟಿ ಗರಸಿನವರೆಗೆ ಒಯ್ಯಬೇಕು. ಸಿಮೆಂಟಿನ ಮೇಲೆ ಹೆಚ್ಚು ಹಾಕುವ ಹಣವನ್ನು ಈ ಅಗೆತಕ್ಕೆ ಹಾಕಿದರೆ ಸಾರ್ಥಕ.

ಈಗ ಮುಖ್ಯ ಮಾತಿಗೆ ಬರೋಣ. ಪಿ.ಪಿ.ಸಿ. ಚೆನ್ನಾಗಿದ್ದರೆ ಗೌಂಡಿ ಏಕೆ ಬೇಡವೆನ್ನುತ್ತಾನೆ? ಅವನು ಮೂರ್ಖನಲ್ಲ, ಮೋಸಗಾರನೂ ಅಲ್ಲ. ಸೆಂಟ್ರಿಂಗಿನ ಪ್ಲೇಟುಗಳಿಗೆ, ಬಲ್ಲಿಗಳಿಗೆ ದಿನಬಾಡಿಗೆ ಉಂಟು. ಮುಂದಿನ ಊರಿನಲ್ಲಿ ಇನ್ನೊಂದು ಸ್ಲ್ಯಾಬು ಕಾದಿದೆ. ಅವನ ಕೈಯಲ್ಲಿ ದುಡಿಯುವ ಆಳುಗಳಿಗೆ ವಾರದ ಸಂತೆಗೆ ಪಗಾರ ಕೊಡಬೇಕು. ನಾಲ್ಕೈದು ದಿನಕ್ಕೆ ಪ್ಲೇಟು ಬಿಚ್ಚಿದರೆ ಅವನ ಹೊಟ್ಟೆ ನಡೆಯುತ್ತದೆ, ಹದಿನಾಲ್ಕು ದಿನ ಕಾದರೆ ಇಲ್ಲ. ಬೇಗ ಬಿಚ್ಚಿದರೂ ಜೋತುಬೀಳದ ಸಿಮೆಂಟು ಅವನಿಗೆ ಬೇಕು, ಅದಕ್ಕೆ ಐವತ್ತಮೂರು. ಅಂದರೆ ಮನೆಯ ಒಡೆಯ ಚೀಲಕ್ಕೆ ಹೆಚ್ಚು ಕೊಟ್ಟು ಕೊಳ್ಳುವುದು ತನ್ನ ಮನೆಯ ಆಯುಷ್ಯವನ್ನಲ್ಲ, ಪ್ಲೇಟಿನ ಬಾಡಿಗೆಯ ಉಳಿತಾಯವನ್ನು. ಇದನ್ನು ತಿಳಿದು ಒಪ್ಪಿದರೆ ಒಂದು ಮಾತು. ತಿಳಿಯದೆ ಒಪ್ಪುವುದೇ ನಮಗೆ ಸಂಕಟದ್ದು.

ಸಂಹಿತೆಯ ಲೆಕ್ಕದಲ್ಲಿ ಸಾಧಾ ಸಿಮೆಂಟಿನ ಸ್ಲ್ಯಾಬಿನ ಕೆಳಗಿನ ಆಧಾರಗಳನ್ನು ನಾಲ್ಕೂವರೆ ಮೀಟರಿನವರೆಗೆ, ಅಂದರೆ ಹದಿನೈದಡಿಯವರೆಗಿನ ಅಂತರಕ್ಕೆ ೭ ದಿನ, ಅದಕ್ಕೂ ಮೇಲ್ಪಟ್ಟರೆ ೧೪ ದಿನ ಇರಿಸಬೇಕು. ಬೀಮಿನ ಕೆಳಗೆ ೬ ಮೀಟರಿನವರೆಗೆ ೧೪, ಅದರಾಚೆ ೨೧. ಬೂದಿಯ ಇಲ್ಲವೆ ಕಿಟ್ಟದ ಸಿಮೆಂಟಿಗೆ ಇದಕ್ಕಿಂತ ಹೆಚ್ಚು ದಿನ ಬೇಕಾದೀತು. ಸಣ್ಣ ಮನೆಯ ಸ್ಲ್ಯಾಬಿಗೂ ೧೪ ದಿನ ಎಂದು ಗೌಂಡಿಯೊಡನೆ ಕೆಲಸ ಗೊತ್ತು ಮಾಡುವಾಗಲೇ ಮಾತಾಡಿ, ಆ ಹೆಚ್ಚಿನ ಬಾಡಿಗೆಯನ್ನು ನೀವೇ ಕೊಡಿರಿ ಎಂಬುದು ನಮ್ಮ ಸಲಹೆ. ಅವನ ಹೊಟ್ಟೆಯ ಮೇಲೆ ಹೊಡೆದು ನಮ್ಮ ಮನೆ ಗಟ್ಟಿ ಮಾಡಿಕೊಳ್ಳುವುದು ನ್ಯಾಯವಲ್ಲ. ಲೆಕ್ಕ ಹಾಕಿ ನೋಡಿರಿ. ೬೦೦ ಚದರಡಿಯ ಮನೆಗೆ ಸ್ಥೂಲವಾಗಿ ೨೪೦ ಚೀಲ ಬೇಕೆಂದೂ ಎರಡು ಬಗೆಯ ಸಿಮೆಂಟಿನ ನಡುವೆ ಚೀಲಕ್ಕೆ ೩೦ ರೂಪಾಯಿ ಅಂತರವೆಂದೂ ಹಿಡಿದರೆ ಉಳಿಯುವುದು ೭,೨೦೦ ರೂಪಾಯಿ. ಪ್ಲೇಟಿನ ಬಾಡಿಗೆಗೂ ನೀರು ಹೊಡೆಯುವ ಆಳಿನ ಪಗಾರಕ್ಕೂ ಅದು ಒದಗುತ್ತದೆ.

ಅವಸರವನ್ನು ಗೌಂಡಿಯೊಬ್ಬನೇ ತರುವುದಿಲ್ಲ. ಸರಕಾರವೂ ತರುತ್ತದೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದಾಗ ದಂಡೆಯ ಊರೂರುಗಳಲ್ಲಿ ಮಣ್ಣಿನ ಗೋಡೆಗಳು ಮಲಗಿದವು. ೨೦೨೧ರ ಜುಲೈಯಲ್ಲಿ ಮತ್ತೆ ಅದೇ ಪಾಡು. ಯಡೂರ, ಕಲ್ಲೋಳ, ಮಾಂಜರಿ, ಜುಗೂಳ, ಕುಡಚಿಗಳ ಜನಕ್ಕೆ ಇದನ್ನು ನಾವು ಹೇಳಬೇಕಾಗಿಲ್ಲ. ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿ ಎಂದು ಸರಕಾರ ಸಾರಿತು. ಅದು ಬಂದದ್ದು ಕಂತುಗಳಲ್ಲಿ. ಬುನಾದಿಯ ಫೋಟೋ, ಲಿಂಟಲಿನ ಫೋಟೋ, ಛಾವಣಿಯ ಫೋಟೋ. ಫೋಟೋ ಏರದೆ ಕಂತು ಇಲ್ಲ. ಸರಕಾರದ ವಸತಿ ಯೋಜನೆಗಳೆಲ್ಲ ಇದೇ ಹಳಿಯ ಮೇಲೆ ನಡೆಯುತ್ತವೆ. ಹಣ ದುರುಪಯೋಗವಾಗಬಾರದೆಂಬ ಉದ್ದೇಶ ನಮಗೂ ಒಪ್ಪಿಗೆ. ಆದರೆ ಇದರ ಫಲವೇನು? ಕೈಯಲ್ಲಿ ಕಾಸಿಲ್ಲದವನು ಮುಂದಿನ ಕಂತಿಗಾಗಿ ಹಸಿ ಕಾಂಕ್ರೀಟಿನ ಮೇಲೆ ಗೋಡೆ ಎಬ್ಬಿಸಬೇಕು. ಕಂತು ತಡವಾಯಿತೋ, ತಂದಿಟ್ಟ ಸಿಮೆಂಟು ತಗಡಿನ ಶೆಡ್ಡಿನಲ್ಲಿ ಗಾಳಿಯ ತೇವ ಕುಡಿದು ಚೀಲದಲ್ಲಿಯೇ ಹರಳುಗಟ್ಟುತ್ತದೆ. ಮೊದಲು ಕಾಯಿಸಿ ಸಿಮೆಂಟು ಕೆಡಿಸುವುದು, ಆಮೇಲೆ ಅವಸರ ಮಾಡಿಸಿ ಗೋಡೆ ಕೆಡಿಸುವುದು! ಯಾವ ಹಂತಕ್ಕೆ ಎಷ್ಟು ದಿನ ನೀರು ಉಣಿಸಿದರು ಎಂಬ ಒಂದು ಕಾಲಂ ಅವರ ಫಾರ್ಮಿನಲ್ಲಿ ಇರಬೇಕಲ್ಲವೆ?

ನೀರು ಉಣಿಸುವುದು ಎಂದೆವು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಈ ಒಂದು ವಾಕ್ಯವನ್ನು ನಮ್ಮ ಓದುಗರು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಸಾಧಾ ಸಿಮೆಂಟಿಗೆ ಕನಿಷ್ಠ ೭ ದಿನ, ಬೂದಿ ಇಲ್ಲವೆ ಕಿಟ್ಟ ಸೇರಿದ್ದಕ್ಕೆ ಕನಿಷ್ಠ ೧೦ ದಿನ. ಬಿಸಿ ಒಣಹವೆಯಲ್ಲಿ ೧೦ ಮತ್ತು ೧೪. ನಮ್ಮ ಬೇಸಿಗೆ ಬಿಸಿಯೂ ಹೌದು, ಒಣದೂ ಹೌದು, ಆದುದರಿಂದ ಪಿ.ಪಿ.ಸಿ.ಗೆ ೧೪ ಎಂದೇ ತಿಳಿಯಿರಿ. ಪಿ.ಪಿ.ಸಿ. ತಂದು ನಾಲ್ಕು ದಿನ ನೀರು ಚಿಮುಕಿಸಿ ಬಿಡುವವನಿಗೆ ಪಿ.ಪಿ.ಸಿ.ಯ ಗುಣ ಒಂದೂ ದಕ್ಕುವುದಿಲ್ಲ. ಬೂದಿ ಬೂದಿಯಾಗಿಯೇ ಉಳಿಯುತ್ತದೆ, ಗೌಂಡಿಯ ಮಾತು ನಿಜವಾಗುತ್ತದೆ.

ಆದರೆ ನೀರೆಲ್ಲಿ? ಪ್ರತಿ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರದ ಮುಂದೆ ಕೈಚಾಚುವ ಸೀಮೆ ನಮ್ಮದು. ಕುಡಿಯಲು ಟ್ಯಾಂಕರು ಕಾಯುವ ಮನೆಯಲ್ಲಿ ಸ್ಲ್ಯಾಬಿಗೆ ನೀರು ಹೊಡೆಯಿರೆಂದರೆ ಹೆಣ್ಣುಮಕ್ಕಳು ನಮ್ಮ ಮೇಲೆಯೇ ಕೊಡ ಎತ್ತಿಯಾರು. ಅದಕ್ಕೆ ಸ್ಲ್ಯಾಬನ್ನು ನವೆಂಬರದಿಂದ ಫೆಬ್ರುವರಿಯೊಳಗೆ ಹಾಕುವ ಹಾಗೆ ಕೆಲಸ ಹೂಡಬೇಕು. ಸ್ಲ್ಯಾಬಿನ ಮೇಲೆ ಹೊಲದಲ್ಲಿ ಕಟ್ಟುವಂತೆಯೇ ಸಣ್ಣ ಸಣ್ಣ ಮಡಿ ಕಟ್ಟಿ ಎರಡು ಬೆರಳು ನೀರು ನಿಲ್ಲಿಸಿರಿ. ಪೈಪಿನಿಂದ ದಿನಕ್ಕೆ ಮೂರು ಸಲ ಹೊಡೆದು ಹರಿಯಬಿಡುವುದಕ್ಕಿಂತ ಇದಕ್ಕೆ ನೀರು ಕಡಿಮೆ ಸಾಕು. ಕಾಲಂಗಳಿಗೆ ಗೋಣಿತಟ್ಟು ಸುತ್ತಿ ತೋಯಿಸಿರಿ. ಗೋಣಿ ಸಿಗದಿದ್ದರೆ ಕಬ್ಬಿನ ರವದಿ ಇದೆಯಲ್ಲ! ಹೊಲದಲ್ಲಿ ಬೆಂಕಿ ಹಚ್ಚಿ ಸುಡುವ ರವದಿಯನ್ನು ಗಟ್ಟಿಯಾದ ಸ್ಲ್ಯಾಬಿನ ಮೇಲೆ ಹಾಸಿ ತೋಯಿಸಿಟ್ಟರೆ ಬಿಸಿಲು ತಟ್ಟುವುದಿಲ್ಲ.

ಸಕ್ಕರೆ ಕಾರಖಾನೆಯ ಬಂಧುಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಸಿಮೆಂಟಿಗೆ ಸಕ್ಕರೆ ಶತ್ರು. ಒಂದು ಚೀಲ ಸಿಮೆಂಟಿನ ಕಾಂಕ್ರೀಟಿಗೆ ಒಂದು ಹಿಡಿ ಸಕ್ಕರೆ ಬಿದ್ದರೂ ಅದು ಬಿಗಿಯುವುದು ಗಂಟೆಗಟ್ಟಲೆ ತಡವಾಗುತ್ತದೆ, ಹೆಚ್ಚಾದರೆ ಗಟ್ಟಿಯಾಗುವುದೇ ಕೆಡುತ್ತದೆ. ಕಾರಖಾನೆಯಿಂದ ತಂದ ಕಾಕಂಬಿಯ ಪೀಪಾಯಿಯಲ್ಲಿ ಕಲಸುವ ನೀರು ತುಂಬಬೇಡಿರಿ. ಸಕ್ಕರೆಯ ಖಾಲಿ ಚೀಲದಲ್ಲಿ ಉಸುಕು ಹೊರಬೇಡಿರಿ.

ಕಲಸುವ ನೀರು ಮಾತ್ರ ಮಿತಿಯಲ್ಲಿರಬೇಕು. ೫೦ ಕಿಲೋ ಚೀಲಕ್ಕೆ ಹೆಚ್ಚೆಂದರೆ ೨೭ ಲೀಟರ್, ಉಸುಕು ತೊಯ್ದಿದ್ದರೆ ಇನ್ನೂ ಕಡಿಮೆ. ಬುಟ್ಟಿ ಸರಾಗ ಸುರಿಯಲೆಂದು ಪೈಪು ಬಿಟ್ಟು ಅಂಬಲಿಯ ಹಾಗೆ ಮಾಡಿದರೆ ೫೩ ಗ್ರೇಡಿನ ಬಲವೂ ನೀರಿನೊಡನೆ ಹರಿದು ಹೋಗುತ್ತದೆ. ಕಲಸುವಾಗ ಜಿಪುಣತನ, ಕಲಸಿದ ಮೇಲೆ ಧಾರಾಳತನ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು.

ಚೀಲ ಕೊಳ್ಳುವಾಗ ಆನೆ ಹುಲಿಗಳನ್ನು ಬಿಟ್ಟು ಸಣ್ಣ ಅಕ್ಷರ ಓದಬೇಕು. ಐ.ಎಸ್.ಐ. ಗುರುತು ಇರಬೇಕು, ೨೦೦೩ರ ಸಿಮೆಂಟು ಗುಣಮಟ್ಟ ನಿಯಂತ್ರಣ ಆಜ್ಞೆಯಂತೆ ಅದಿಲ್ಲದೆ ಮಾರುವಂತಿಲ್ಲ. ಪಿ.ಪಿ.ಸಿ. ಆದರೆ ಐ.ಎಸ್. ೧೪೮೯, ಸ್ಲ್ಯಾಗಿನದಾದರೆ ಐ.ಎಸ್. ೪೫೫, ಸಾಧಾ ಸಿಮೆಂಟಾದರೆ ಐ.ಎಸ್. ೨೬೯ ಎಂದಿರುತ್ತದೆ. ತಯಾರಾದ ವಾರ, ವರ್ಷ ಅಚ್ಚಾಗಿರುತ್ತವೆ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆಯಿಲ್ಲದೆ ಸ್ಲ್ಯಾಬಿಗೆ ಬಳಸಬಾರದು. ಅಷ್ಟರಲ್ಲಿ ಬಲದ ಐದರಲ್ಲೊಂದು ಪಾಲು ಹೋಗಿರುತ್ತದೆಂಬುದು ಇಂಜಿನಿಯರರ ಪುಸ್ತಕದ ಅಂದಾಜು. ಹಳೆಯ ೫೩ಕ್ಕಿಂತ ತಾಜಾ ಪಿ.ಪಿ.ಸಿ. ಲೇಸು. ಕೈ ಹಾಕಿದರೆ ತಂಪು ಹತ್ತಬೇಕು, ಹರಳು ಇರಬಾರದು. ಇದು ಅಂದಾಜಿನ ಪರೀಕ್ಷೆ, ಅಷ್ಟಕ್ಕೇ ಅದರ ಬೆಲೆ.

ನಮ್ಮ ಓದುಗರಲ್ಲಿ ಸಿಮೆಂಟು ಮಾರುವ ಸಣ್ಣ ಅಂಗಡಿಕಾರರೂ ಇದ್ದಾರೆ. ಅವರಿಗೆ ಈ ಲೇಖನ ಹಿಡಿಸದೆ ಹೋಗಬಹುದೆಂಬ ಅಳುಕು ನಮಗಿಲ್ಲ. ಚೀಲಕ್ಕೆ ಸಿಗುವ ಐದಾರು ರೂಪಾಯಿಗಾಗಿ ಕಂಪನಿಗೆ ಮುಂಗಡ ಕಟ್ಟಿ, ಗಿರಾಕಿಗೆ ಉದ್ದರಿ ಕೊಟ್ಟು, ನಡುವೆ ನರಳುವವರು ಅವರೇ. ನೆಲದಿಂದ ಗೇಣು ಎತ್ತರ ಹಲಗೆಯ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು, ಹತ್ತು ಚೀಲಕ್ಕಿಂತ ಎತ್ತರ ಒಟ್ಟದೆ, ಮೊದಲು ಬಂದದ್ದನ್ನು ಮೊದಲು ಕಳಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ದರ ಅವರ ಕೈಯಲ್ಲಿಲ್ಲ ಎಂಬುದು ನಮಗೆ ಗೊತ್ತಿದೆ.

ದರ ಯಾರ ಕೈಯಲ್ಲಿದೆ? ಮುಧೋಳದ ಮುದ್ದಾಪುರದಲ್ಲಿ, ಮೂಡಲಗಿಯ ಯಾದವಾಡದಲ್ಲಿ ದೊಡ್ಡ ಸಿಮೆಂಟು ಕಾರಖಾನೆಗಳಿವೆ. ಸುಣ್ಣದ ಕಲ್ಲು ನಮ್ಮ ನೆರೆಯ ನೆಲದ್ದು. ಪಿ.ಪಿ.ಸಿ.ಯಲ್ಲಿ ಮೂರರಲ್ಲೊಂದು ಪಾಲಿನವರೆಗೆ ಬೂದಿ. ವಿದ್ಯುತ್ ಸ್ಥಾವರಗಳಿಗೆ ಎಲ್ಲಿ ಒಗೆಯಬೇಕೆಂಬ ಚಿಂತೆಯಾಗಿದ್ದ ಬೂದಿ! ಅಷ್ಟರಮಟ್ಟಿಗೆ ಸುಣ್ಣದ ಕಲ್ಲು ಸುಡುವ ಖರ್ಚು, ಕಲ್ಲಿದ್ದಲು ಉಳಿಯಿತು. ಆ ಉಳಿತಾಯದಲ್ಲಿ ಕೊಳ್ಳುವವನಿಗೆ ಬಂದದ್ದೆಷ್ಟು, ಮಾಲಕರ ಗಲ್ಲೆಯಲ್ಲಿ ನಿಂತದ್ದೆಷ್ಟು ಎಂದು ನಾವು ಕೇಳುತ್ತೇವೆ. ಸುಮ್ಮನೆ ಕೇಳುತ್ತಿಲ್ಲ. ೨೦೧೨ರ ಜೂನಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಒಳಗೊಳಗೆ ಕೂಡಿ ದರ ಏರಿಸಿದ್ದಾರೆಂದು ದೇಶದ ೧೧ ಸಿಮೆಂಟು ಕಂಪನಿಗಳಿಗೆ ಸುಮಾರು ೬,೩೦೦ ಕೋಟಿ ರೂಪಾಯಿ ದಂಡ ಹಾಕಿತು. ೨೦೧೫ರಲ್ಲಿ ಮೇಲ್ಮನವಿಯಲ್ಲಿ ಆ ಆಜ್ಞೆ ರದ್ದಾಯಿತು. ಮರುವಿಚಾರಣೆ ಮಾಡಿ ೨೦೧೬ರ ಆಗಸ್ಟಿನಲ್ಲಿ ಆಯೋಗ ಮತ್ತೆ ದಂಡ ಹಾಕಿತು, ೨೦೧೮ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರದಲ್ಲಿ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ದಂಡದ ನೂರಕ್ಕೆ ಹತ್ತು ಪಾಲು ಠೇವಣಿಯಿಟ್ಟು ತಡೆ ತಂದವು. ಒಂದು ಕಂತು ತಪ್ಪಿದ ಕಾಮಗಾರನ ಮನೆಗೆ ಬ್ಯಾಂಕಿನ ನೋಟೀಸು ಎಷ್ಟು ದಿನಕ್ಕೆ ಬರುತ್ತದೆಂಬುದನ್ನು ಇದರೊಡನೆ ಹೋಲಿಸಿ ನೋಡಿರಿ.

ತೆರಿಗೆಯ ಕಥೆಯೂ ಇಂಥದೇ. ೨೦೧೭ರ ಜುಲೈಯಿಂದ ಸಿಮೆಂಟಿಗೆ ನೂರಕ್ಕೆ ೨೮ ಜಿ.ಎಸ್.ಟಿ. ಇತ್ತು. ೨೦೨೫ರ ಸಪ್ಟೆಂಬರ ೨೨ರಿಂದ ಅದು ೧೮ ಆಯಿತು. ೩೦೦ ರೂಪಾಯಿಯ ಚೀಲಕ್ಕೆ ೮೪ ರೂಪಾಯಿ ಇದ್ದ ತೆರಿಗೆ ೫೪ಕ್ಕೆ ಇಳಿಯಿತೆಂದು ಹೊಗಳುವವರು ಹೊಗಳಲಿ. ಚೀಲಕ್ಕೆ ಇಳಿಯಬೇಕಾದ ಆ ೩೦ ರೂಪಾಯಿ ನಿಮ್ಮ ಅಂಗಡಿಯ ಬಿಲ್ಲಿನಲ್ಲಿ ಪೂರ್ತಿ ಇಳಿದಿದೆಯೇ ಎಂದು ಹಳೆಯ ಬಿಲ್ಲು ಹೊಸ ಬಿಲ್ಲು ಎರಡನ್ನೂ ಎದುರಿಗಿಟ್ಟು ನೋಡಿರಿ. ಇಳಿದ ಮೇಲೂ ಆ ೨೪೦ ಚೀಲದ ಮನೆಯ ಸಿಮೆಂಟಿಗೆ ಸುಮಾರು ೧೩,೦೦೦ ರೂಪಾಯಿ ತೆರಿಗೆಯೇ ಆಯಿತು. ಬಂಗಾರಕ್ಕೆ ಹಾಕಿದ ತೆರಿಗೆ ನೂರಕ್ಕೆ ೩.

ಇದನ್ನು ಓದಿ, ಹಳೆಯ ಪರ್ಮಿಟಿನ ಕಾಲವೇ ಒಳ್ಳೆಯದಿತ್ತೆಂದು ನಾವು ಹೇಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಸಿಮೆಂಟಿನ ಮೇಲೆ ಸರಕಾರದ ನಿಯಂತ್ರಣವಿದ್ದಾಗ ಹತ್ತು ಚೀಲಕ್ಕಾಗಿ ಕಚೇರಿಯ ಮೆಟ್ಟಿಲು ಸವೆಸಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ಸಿಮೆಂಟು ಹಂಚಿಕೆಗೂ ಟ್ರಸ್ಟಿನ ದೇಣಿಗೆಗೂ ಗಂಟು ಹಾಕಿದ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಬಂದ ಮೇಲೆ ಮುಖ್ಯಮಂತ್ರಿ ಅಂತುಲೆಯವರು ೧೯೮೨ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಆ ವರ್ಷವೇ ನಿಯಂತ್ರಣ ಅರ್ಧ ಸಡಿಲಿತು, ೧೯೮೯ರಲ್ಲಿ ಪೂರ್ತಿ ಹೋಯಿತು. ಅಧಿಕಾರಿಯ ಕೈಯಿಂದ ಬಿಡಿಸಿ ಕಂಪನಿಯ ಕೈಗೆ ಕೊಟ್ಟರು. ಕೊಳ್ಳುವವನ ಕೈಗೆ ಮಾತ್ರ ಯಾರೂ ಕೊಡಲಿಲ್ಲ.

ಆ ಕೈಯನ್ನು ಗಟ್ಟಿ ಮಾಡಿಕೊಳ್ಳಲು ನಮ್ಮ ಸೀಮೆಗೆ ದಾರಿ ಹೊಸದಲ್ಲ. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ ನಾಡು ಇದು. ನಮ್ಮ ಐದು ತಾಲೂಕುಗಳಲ್ಲಿ ಸಹಕಾರಿ ಸಕ್ಕರೆ ಕಾರಖಾನೆಗಳಿವೆ, ಹಳ್ಳಿಹಳ್ಳಿಗೆ ಪಿ.ಕೆ.ಪಿ.ಎಸ್. ಇದೆ, ಕಾಮಗಾರರ ಪತ್ತಿನ ಸಂಘಗಳಿವೆ. ಗೊಬ್ಬರ ತರಿಸಿ ಹಂಚುವ ಸಂಘ ಸಿಮೆಂಟನ್ನು ಏಕೆ ತರಿಸಬಾರದು? ಒಂದು ಊರಿನಲ್ಲಿ ಒಂದು ಹಂಗಾಮಿಗೆ ಇಪ್ಪತ್ತು ಮನೆ ಏಳುತ್ತಿದ್ದರೆ, ಇಪ್ಪತ್ತು ಜನರ ಬೇಡಿಕೆ ಕೂಡಿಸಿ ಲಾರಿಗಟ್ಟಲೆ ತಾಜಾ ಪಿ.ಪಿ.ಸಿ. ಇಲ್ಲವೆ ಸ್ಲ್ಯಾಗ್ ಸಿಮೆಂಟನ್ನು ಊರಿನ ಅಂಗಡಿಕಾರನ ಮೂಲಕವೇ ತರಿಸಬಹುದು. ಅವನ ಕಮಿಷನ್ ಅವನಿಗಿರಲಿ, ಉದ್ದರಿಯ ಹೊರೆ ಮಾತ್ರ ಸಂಘದ ಮೇಲಿರಲಿ. ಸೆಂಟ್ರಿಂಗಿನ ಪ್ಲೇಟುಗಳನ್ನು ಸಂಘವೇ ಕೊಂಡಿಟ್ಟು ದಿನದ ಲೆಕ್ಕವಿಲ್ಲದೆ ಸ್ಲ್ಯಾಬಿಗಿಷ್ಟೆಂದು ಬಾಡಿಗೆಗೆ ಕೊಟ್ಟರೆ ಗೌಂಡಿಯ ಅವಸರದ ಬೇರೇ ಕೊಯ್ದಂತಾಗುತ್ತದೆ. ಸಿಮೆಂಟನ್ನೂ ಕಾಂಕ್ರೀಟಿನ ತುಂಡುಗಳನ್ನೂ ಬಡವನಿಗೆ ಎಟಕುವ ಶುಲ್ಕದಲ್ಲಿ ಪರೀಕ್ಷಿಸಿ ಕೊಡುವ ಹೊಣೆಯನ್ನು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಿಗೆ ಸರಕಾರ ಒಪ್ಪಿಸಬೇಕು. ಪ್ರವಾಹ ಸಂತ್ರಸ್ತರ ಮನೆಗಳಿಗೆ ಈ ಪರೀಕ್ಷೆ ಪುಕ್ಕಟೆ ಆಗಬೇಕು, ಬುನಾದಿಯ ಕಂತು ಮುಂಗಡವಾಗಿ ಬರಬೇಕು.

ಪಿ.ಕೆ.ಪಿ.ಎಸ್.ಗಳ ವಾರ್ಷಿಕ ಸಾಮಾನ್ಯ ಸಭೆಗಳು ಸಪ್ಟೆಂಬರದೊಳಗೆ ನಡೆಯುತ್ತವೆ. ವರದಿ ಓದಿ, ಚಹಾ ಕುಡಿದು, ಸಹಿ ಮಾಡಿ ಎದ್ದು ಬರುವ ಸಭೆಯಲ್ಲಿ ಈ ಸಲ ಎರಡು ಠರಾವು ಮಂಡಿಸಲು ನಮ್ಮ ಕಾರ್ಯಕರ್ತರಿಗೆ ತಿಳಿಸಿದ್ದೇವೆ: ಒಂದು ಸಿಮೆಂಟಿನ ಸಾಮೂಹಿಕ ಖರೀದಿಯದು, ಇನ್ನೊಂದು ಸೆಂಟ್ರಿಂಗ್ ಪ್ಲೇಟುಗಳದು. ಅನುಮೋದಿಸಲು ಒಬ್ಬ ಸದಸ್ಯನ ಕೈ ಬೇಕು. ಬರುವ ಬೇಸಿಗೆಯೊಳಗೆ ಮನೆ ಹೂಡುವ ವಿಚಾರವಿದ್ದವರು ಷೇರಿನ ಪಾವತಿಯೊಂದಿಗೆ ಆ ದಿನ ತಪ್ಪದೆ ಹಾಜರಿರಬೇಕು.